ಅಪಘಾತವಾದ ಕಾರು: ರಿಪೇರಿ ಮಾಡಿಸಬೇಕೇ, ಬಿಟ್ಟುಕೊಡಬೇಕೇ?

“ಗ್ಯಾರೇಜಿನವರು ಮೂರು ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ, ಮಾಡಿಸಲೇ, ಬಿಡಲೇ?” ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರೆಲ್ಲ ಎಸ್ಟಿಮೇಟಿನ ಮೊತ್ತವನ್ನು ಹೇಳುತ್ತಾರೆ. ಗಾಡಿಯ ಚೌಕಟ್ಟಿಗೆ ಪೆಟ್ಟಾಗಿದೆಯೇ, ಪಾಲಿಸಿಯಲ್ಲಿ ಗಾಡಿಯ ಬೆಲೆ ಎಷ್ಟೆಂದು ನಮೂದಾಗಿದೆ, ವಿಮೆ ಕಳೆದು ಸ್ವಂತ ಜೇಬಿನಿಂದ ಹೋಗುವುದೆಷ್ಟು ಎಂಬುದನ್ನು ಹೇಳುವವರು ವಿರಳ. ಈ ಮೂರು ಸಂಗತಿ ತಿಳಿಯದೆ ಎಸ್ಟಿಮೇಟ್ ಒಂದನ್ನೇ ನೋಡಿ ನಿರ್ಧಾರ ಮಾಡಬಾರದು. ಮೊದಲು ಗಾಡಿಯನ್ನು ಬಿಚ್ಚಿಸಿ ನೋಡಬೇಕು, ಆಮೇಲೆ ಲೆಕ್ಕ ಹಾಕಬೇಕು, ಕೊನೆಯಲ್ಲಿ ಕಾಗದಪತ್ರ ಮುಗಿಸಬೇಕು. ಈ ಕ್ರಮ ತಿರುವುಮುರುವಾದಾಗಲೇ ಹೆಚ್ಚಿನವರಿಗೆ ನಷ್ಟವಾಗುವುದು.

ಇಲ್ಲಿ ಹೇಳಿರುವುದು ಖಾಸಗಿ ಬಳಕೆಯ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳದಿ ಬೋರ್ಡಿನ ಟ್ಯಾಕ್ಸಿಗಳ ಪರ್ಮಿಟ್, ಎಫ್‌ಸಿ ಮತ್ತು ಸಂಪಾದನೆಯ ನಷ್ಟದ ಲೆಕ್ಕ ಬೇರೆಯದೇ ಇದೆ.

ಕೈಯಲ್ಲಿ ಇರಬೇಕಾದವು

ವಿಮಾ ಪಾಲಿಸಿಯ ಪೂರ್ತಿ ಪ್ರತಿ (ಮೊದಲ ಪುಟ ಮಾತ್ರವಲ್ಲ), ಆರ್‌ಸಿ, ಅಪಘಾತದ ಸಮಯದಲ್ಲಿ ಗಾಡಿ ಓಡಿಸುತ್ತಿದ್ದವರ ಡಿಎಲ್, ಸಾಲವಿದ್ದರೆ ಬಾಕಿ ಎಷ್ಟಿದೆಯೆಂದು ಬ್ಯಾಂಕಿನಿಂದ ಪಡೆದ ಪತ್ರ, ಗಾಡಿ ಕೊಂಡಾಗಿನ ಇನ್‌ವಾಯ್ಸ್ ಮತ್ತು ಅಪಘಾತದ ಸ್ಥಳದಲ್ಲಿ ತೆಗೆದ ಫೋಟೊಗಳನ್ನು ಒಂದು ಕಡೆ ಸೇರಿಸಿಟ್ಟುಕೊಳ್ಳಿ. ಗಾಡಿಯನ್ನು ಟೋ ಮಾಡಿಸುವ ಮೊದಲು ನಾಲ್ಕು ಮೂಲೆಗಳಿಂದಲೂ, ಓಡೋಮೀಟರ್ ಮತ್ತು ಚಾಸಿ ನಂಬರ್ ಕಾಣುವಂತೆಯೂ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು.

ಹಂತ 1: ಮೊದಲ ದಿನ ಮಾಡಬೇಕಾದದ್ದು, ಮಾಡಬಾರದ್ದು

ಯಾರಿಗಾದರೂ ಗಾಯವಾಗಿದ್ದರೆ ಅವರ ಚಿಕಿತ್ಸೆಯೇ ಮೊದಲು. ಬೇರೆಯವರಿಗೆ ಗಾಯವಾಗಿದ್ದಾಗ ಅಥವಾ ಅವರ ಆಸ್ತಿಗೆ ಹಾನಿಯಾಗಿದ್ದಾಗ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ವಿಮಾ ಕಂಪನಿಗೂ ಅದೇ ದಿನ ಕರೆ ಮಾಡಿ ಕ್ಲೇಮ್ ಸಂಖ್ಯೆಯನ್ನು ಬರೆದುಕೊಳ್ಳಿ. ಪೊಲೀಸ್ ಪ್ರಕರಣ ದಾಖಲಾಗಿದ್ದರೆ ಮೋಟಾರು ವಾಹನ ನಿರೀಕ್ಷಕರ ತಪಾಸಣೆ, ಅಂದರೆ ಠಾಣೆಯವರು ಐಎಂವಿ ಎಂದು ಕರೆಯುವುದು, ಮುಗಿಯುವವರೆಗೆ ಗಾಡಿ ನಿಮ್ಮ ಕೈಗೆ ಸಿಗುವುದಿಲ್ಲ. ಅಲ್ಲಿಯವರೆಗೆ ಯಾವ ಭಾಗವನ್ನೂ ಬಿಚ್ಚಿಸಬೇಡಿ.

“ಎಂಜಿನ್ ಸ್ಟಾರ್ಟ್ ಆಗುತ್ತಿದೆ, ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋದರಾಯಿತು” ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮುಂಭಾಗಕ್ಕೆ ಪೆಟ್ಟು ಬಿದ್ದಾಗ ರೇಡಿಯೇಟರ್ ಒಡೆದು ಕೂಲೆಂಟ್ ಸೋರಿಹೋಗಿರುತ್ತದೆ. ಹಾಗೆಯೇ ಓಡಿಸಿದರೆ ಎಂಜಿನ್ ಅತಿಯಾಗಿ ಕಾದು ಹಾಳಾಗುತ್ತದೆ. ಅಪಘಾತದ ನಂತರ ಓಡಿಸಿದ್ದರಿಂದ ಆದ ಈ ಹಾನಿಯನ್ನು ಕಂಪನಿ ಅಪಘಾತದ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಟೋಯಿಂಗ್ ವೆಚ್ಚಕ್ಕೆ ಪಾಲಿಸಿಯಲ್ಲಿ ಒಂದು ಮಿತಿಯವರೆಗೆ ಅವಕಾಶವಿರುವುದರಿಂದ ಅದರ ರಸೀದಿಯನ್ನು ಜೋಪಾನ ಮಾಡಿ.

ಹಂತ 2: ಪಾಲಿಸಿಯನ್ನು ಓದುವುದು

ಪಾಲಿಸಿಯಲ್ಲಿ ನಾಲ್ಕು ವಿಷಯಗಳನ್ನು ಹುಡುಕಿ.

ಮೊದಲನೆಯದು, ಸ್ವಂತ ವಾಹನದ ಹಾನಿಗೆ, ಅಂದರೆ ಓನ್ ಡ್ಯಾಮೇಜಿಗೆ, ವಿಮೆ ಚಾಲ್ತಿಯಲ್ಲಿದೆಯೇ ಎಂಬುದು. 2018ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆದರೆ ಅದರೊಂದಿಗೆ ಬರುವ ಸ್ವಂತ ಹಾನಿಯ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. “ಮೂರು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೇನೆ” ಎಂಬ ನಂಬಿಕೆಯಲ್ಲಿ ಎರಡನೆಯ ವರ್ಷ ನವೀಕರಿಸದೆ ಬಿಟ್ಟವರಿಗೆ ತಮ್ಮ ಗಾಡಿಯ ಹಾನಿಗೆ ಒಂದು ರೂಪಾಯಿಯೂ ಬರುವುದಿಲ್ಲವೆಂಬುದು ಗ್ಯಾರೇಜಿನಲ್ಲಿ ತಿಳಿಯುತ್ತದೆ. ಹಾಗಾಗಿದ್ದರೆ ಹಂತ 3ರಂತೆ ಚೌಕಟ್ಟನ್ನು ನೋಡಿಕೊಂಡು ನೇರವಾಗಿ ಹಂತ 6ಕ್ಕೆ ಹೋಗಿ.

ಎರಡನೆಯದು ಐಡಿವಿ, ಅಂದರೆ ಪಾಲಿಸಿಯಲ್ಲಿ ಘೋಷಿಸಲಾದ ಗಾಡಿಯ ಬೆಲೆ. ತಯಾರಕರ ಪಟ್ಟಿ ಬೆಲೆಯಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು ಇದನ್ನು ನಿಗದಿ ಮಾಡುತ್ತಾರೆ. ರೂಢಿಯ ಪಟ್ಟಿಯಂತೆ ಒಂದರಿಂದ ಎರಡು ವರ್ಷದ ಗಾಡಿಗೆ ಶೇ. 20, ಎರಡರಿಂದ ಮೂರು ವರ್ಷಕ್ಕೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50 ಸವಕಳಿ ಹೋಗುತ್ತದೆ. ಐದು ವರ್ಷ ದಾಟಿದ ಗಾಡಿಗೆ ಕಂಪನಿ ಮತ್ತು ಮಾಲೀಕರು ಒಪ್ಪಿದ ಬೆಲೆಯೇ ಐಡಿವಿ. ಪ್ರೀಮಿಯಂ ಉಳಿಸಲೆಂದು ಐಡಿವಿಯನ್ನು ತಗ್ಗಿಸಿಕೊಂಡಿದ್ದರೆ ಅದರ ಬೆಲೆ ತೆರಬೇಕಾಗುವುದು ಈಗ.

ಮೂರನೆಯದು ಹೆಚ್ಚುವರಿ ರಕ್ಷಣೆಗಳು. ಬಿಡಿಭಾಗಗಳ ಮೇಲೆ ಸವಕಳಿ ಕಳೆಯದೆ ಹಣ ಕೊಡುವುದು ‘ಜೀರೋ ಡೆಪ್ರಿಸಿಯೇಷನ್’. ಗಾಡಿ ಪೂರ್ತಿ ಹಾಳಾದರೆ ಐಡಿವಿಯ ಬದಲು ಕೊಂಡ ಬೆಲೆಯನ್ನೇ ಕೊಡುವುದು ‘ರಿಟರ್ನ್ ಟು ಇನ್‌ವಾಯ್ಸ್’. ರಿಟರ್ನ್ ಟು ಇನ್‌ವಾಯ್ಸ್ ನಿಮ್ಮ ಪಾಲಿಸಿಯಲ್ಲಿದ್ದರೆ ಅದರಲ್ಲಿ ರಸ್ತೆ ತೆರಿಗೆ ಮತ್ತು ನೋಂದಣಿ ವೆಚ್ಚ ಸೇರಿದೆಯೇ ಎಂಬುದನ್ನೂ ಓದಿ. ಇದು ನಿರ್ಧಾರವನ್ನೇ ಬದಲಿಸಬಲ್ಲ ಅಂಶ.

ನಾಲ್ಕನೆಯದು ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಮೊತ್ತ. 1500 ಸಿಸಿವರೆಗಿನ ಖಾಸಗಿ ಕಾರಿಗೆ ಕಡ್ಡಾಯ ಕಡಿತ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ. ‘ವಾಲಂಟರಿ’ ಎಂದು ಬೇರೊಂದು ಸಾಲಿದ್ದರೆ ಅದನ್ನೂ ಕೂಡಿಸಿಕೊಳ್ಳಬೇಕು.

ಹಂತ 3: ಗಾಡಿಯನ್ನು ಬಿಚ್ಚಿಸಿ ಚೌಕಟ್ಟನ್ನು ನೋಡುವುದು

ಈ ಹಂತಕ್ಕೆ ಅವಸರ ಪಡಬೇಡಿ. ಹೊರಗಿನಿಂದ ನೋಡಿ ಬರೆದ ಎಸ್ಟಿಮೇಟ್ ಕೇವಲ ಅಂದಾಜು. ಬಂಪರ್, ಬಾನೆಟ್, ಫೆಂಡರ್‌ಗಳನ್ನು ಬಿಚ್ಚಿದ ಮೇಲೆಯೇ ಒಳಗಿನ ಹಾನಿ ಕಾಣುವುದು. ಆಗ ಬರುವ ಎರಡನೆಯ ಪಟ್ಟಿಗೆ ‘ಸಪ್ಲಿಮೆಂಟರಿ ಎಸ್ಟಿಮೇಟ್’ ಎನ್ನುತ್ತಾರೆ. ಎಷ್ಟೋ ಜನರು ಮೊದಲ ಪಟ್ಟಿಯ ಒಂದೂವರೆ ಲಕ್ಷಕ್ಕೆ ಒಪ್ಪಿ, ಅರ್ಧ ಕೆಲಸವಾದ ಮೇಲೆ ಮೊತ್ತ ಎರಡೂವರೆ ಲಕ್ಷ ದಾಟಿದಾಗ ಹಿಂದೆ ಸರಿಯಲಾಗದೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ವಿಮೆಗಾಗಿ ಹಾನಿಯನ್ನು ಅಳೆಯಲು ಬರುವ ಸರ್ವೇಯರ್ ಎದುರಿನಲ್ಲೇ ಗಾಡಿಯನ್ನು ಬಿಚ್ಚಿಸಿ ಪೂರ್ತಿ ಪಟ್ಟಿ ಕೊಡುವಂತೆ ವರ್ಕ್‌ಶಾಪಿನವರನ್ನು ಬರವಣಿಗೆಯಲ್ಲಿ ಕೇಳಿ. ಕೆಲವು ವರ್ಕ್‌ಶಾಪ್‌ಗಳು ಕೆಲಸ ತಮ್ಮಲ್ಲಿ ಆಗದಿದ್ದರೆ ಎಸ್ಟಿಮೇಟಿಗೂ ನಿಲುಗಡೆಗೂ ಶುಲ್ಕ ಕೇಳುತ್ತವೆ. ಗಾಡಿಯನ್ನು ಒಳಗೆ ಬಿಡುವ ದಿನವೇ ಆ ದರವನ್ನು ತಿಳಿದುಕೊಳ್ಳಿ.

ಇಂದಿನ ಬಹುತೇಕ ಕಾರುಗಳಲ್ಲಿ ಬಾಡಿಯೂ ಚಾಸಿಯೂ ಬೇರೆ ಬೇರೆ ಇರುವುದಿಲ್ಲ. ಉಕ್ಕಿನ ಹಾಳೆಗಳನ್ನು ಬೆಸೆದು ಮಾಡಿದ ಒಂದೇ ಗೂಡು ಇರುತ್ತದೆ, ಇದನ್ನು ಮೊನೊಕಾಕ್ ಎನ್ನುತ್ತಾರೆ. ಅದರ ಮುಂದಿನ ಮತ್ತು ಹಿಂದಿನ ತುದಿಗಳು ಡಿಕ್ಕಿಯಾದಾಗ ತಾವೇ ಮುದುಡಿ ಆಘಾತವನ್ನು ಹೀರಿಕೊಳ್ಳುತ್ತವೆ. ಜನ ಕುಳಿತುಕೊಳ್ಳುವ ನಡುವಿನ ಭಾಗ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ಹಾಗಾಗಿ ಹಾನಿಯನ್ನು ಮೂರು ಬಗೆಯಾಗಿ ನೋಡಿ.

ಬಂಪರ್, ಬಾನೆಟ್, ಫೆಂಡರ್, ಬಾಗಿಲು, ದೀಪ, ಗಾಜು, ರೇಡಿಯೇಟರ್, ಎ.ಸಿ. ಕಂಡೆನ್ಸರ್ ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸುವ ಭಾಗಗಳು. ಇವು ಎಷ್ಟೇ ಹಾಳಾಗಿದ್ದರೂ ಕೇವಲ ಹಣದ ಪ್ರಶ್ನೆ. ಟಿಂಕರಿಂಗ್, ಪೇಂಟಿಂಗ್ ಆದ ಮೇಲೆ ಗಾಡಿ ಮೊದಲಿನಂತೆಯೇ ಓಡುತ್ತದೆ.

ಎರಡನೆಯ ಬಗೆ, ಎಂಜಿನ್ ಕೋಣೆಯ ಎರಡು ಬದಿಯ ಏಪ್ರನ್ ಮತ್ತು ಅವುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಲಾಂಗ್ ಮೆಂಬರ್‌ಗಳು. ಸ್ವಲ್ಪ ಬಾಗಿದ್ದರೆ ಇವನ್ನು ಅಳತೆಯ ಬೆಂಚಿನ ಮೇಲೆ ಕೂರಿಸಿ, ತಯಾರಕರು ಕೊಟ್ಟ ಅಳತೆಗೆ ಎಳೆದು ಸರಿಪಡಿಸಬಹುದು. ಮುದುಡಿದ್ದರೆ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಈ ಕೆಲಸಕ್ಕೆ ಆ ಬೆಂಚೂ ಸ್ಪಾಟ್ ವೆಲ್ಡಿಂಗ್ ಯಂತ್ರವೂ ಇರುವ ವರ್ಕ್‌ಶಾಪೇ ಆಗಬೇಕು. ಸುತ್ತಿಗೆ ಮತ್ತು ಸರಪಳಿಯಿಂದ ಎಳೆದು “ಸೆಟ್” ಮಾಡಿಕೊಡುವೆವು ಎನ್ನುವ ಕಡೆ ಮಾಡಿಸಬೇಡಿ.

ಮೂರನೆಯದು ಬಾಗಿಲುಗಳ ನಡುವಿನ ಕಂಬಗಳು (ಪಿಲ್ಲರ್), ಛಾವಣಿಯ ಅಂಚು, ಬಾಗಿಲ ಕೆಳಗಿನ ಹೊಸ್ತಿಲಿನಂಥ ಪಟ್ಟಿ, ಮುಂದಿನ ಸೀಟಿನವರ ಕಾಲಡಿಯ ನೆಲ ಮತ್ತು ಎಂಜಿನ್ ಕೋಣೆಯನ್ನು ಬೇರ್ಪಡಿಸುವ ಗೋಡೆ. ಇವುಗಳಲ್ಲಿ ಒಂದು ಜರುಗಿದ್ದರೂ ಜನ ಕುಳಿತುಕೊಳ್ಳುವ ಗೂಡೇ ಆಕಾರ ಕಳೆದುಕೊಂಡಿದೆ ಎಂದರ್ಥ. ಇಂಥ ಗಾಡಿಯನ್ನು ರಿಪೇರಿ ಮಾಡಿಸುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈಗಿನ ಕಾರುಗಳಲ್ಲಿ ಈ ಭಾಗಗಳಿಗೆ ಅತಿ ಗಟ್ಟಿಯಾದ ವಿಶೇಷ ಉಕ್ಕನ್ನು ಬಳಸುತ್ತಾರೆ. ಅದನ್ನು ಕಾಯಿಸಿ ಬಗ್ಗಿಸಿದರೆ ಆಕಾರ ಮರಳಬಹುದು, ಬಲ ಮರಳುವುದಿಲ್ಲ, ಮತ್ತು ಬಲ ಹೋಗಿರುವುದು ಕಣ್ಣಿಗೆ ಕಾಣುವುದೂ ಇಲ್ಲ.

ಇದನ್ನು ನೀವೇ ಪರೀಕ್ಷಿಸುವ ಸುಲಭ ವಿಧಾನವೊಂದಿದೆ. ಪೆಟ್ಟು ಮುಂದೆ ಬಿದ್ದಿದ್ದರೂ ನೀವು ಹಿಂದಿನ ಬಾಗಿಲ ಬಳಿ ನಿಲ್ಲಿ. ಬಾಗಿಲನ್ನು ತೆರೆದು ಎರಡು ಬೆರಳಿನಿಂದ ಮೆಲ್ಲಗೆ ತಳ್ಳಿ. ಮೊದಲಿನಂತೆ ಹೋಗಿ ಕೂರುತ್ತದೆಯೋ, ಕೊನೆಯಲ್ಲಿ ಎತ್ತಿ ತಳ್ಳಬೇಕಾಗುತ್ತದೆಯೋ ಗಮನಿಸಿ. ಮುಚ್ಚಿದ ಮೇಲೆ ಬಾಗಿಲ ಅಂಚಿನ ಸಂದಿನಲ್ಲಿ ಉಗುರನ್ನು ಮೇಲಿನಿಂದ ಕೆಳಗೆ ಎಳೆಯಿರಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತಾ ಹೋದರೆ ಕಂಬ ಜರುಗಿರುವ ಸಂಭವವಿದೆ. ಹಾಸನದ ನನ್ನ ಸ್ನೇಹಿತರೊಬ್ಬರ ಕಾರಿನಲ್ಲಿ ಮುಂಭಾಗ ಮಾತ್ರ ಜಜ್ಜಿದಂತೆ ಕಾಣುತ್ತಿತ್ತು. ಎಡಗಡೆಯ ಹಿಂದಿನ ಬಾಗಿಲು ಮಾತ್ರ ಎತ್ತಿ ತಳ್ಳಿದರಷ್ಟೇ ಮುಚ್ಚುತ್ತಿತ್ತು. ಅಳತೆ ಹಿಡಿಸಿದಾಗ ನಡುಗಂಬ ವಾಲಿರುವುದು ಗೊತ್ತಾಯಿತು. ಛಾವಣಿಯ ಮೇಲೆ ಈ ಕಂಬದ ನೇರಕ್ಕೆ ಸಣ್ಣ ಅಲೆಯಂಥ ಮಡಿಕೆ ಬಿದ್ದಿದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿಸಿ ನೆಲದ ತಗಡು ಸುಕ್ಕುಗಟ್ಟಿದೆಯೇ ಎಂಬುದನ್ನೂ ನೋಡಬೇಕು. ಇವೆಲ್ಲ ಸೂಚನೆಗಳು ಮಾತ್ರ, ಕೊನೆಯ ಮಾತು ಅಳತೆಯ ಬೆಂಚಿನದು. ಆ ಅಳತೆಯ ಪ್ರತಿಯನ್ನು ಕೇಳಿ ಪಡೆಯಿರಿ.

ಏರ್‌ಬ್ಯಾಗ್ ತೆರೆದಿದ್ದರೆ ವೆಚ್ಚ ಒಮ್ಮೆಲೇ ಏರುತ್ತದೆ. ಚೀಲದ ಜೊತೆಗೆ ಅದನ್ನು ನಿಯಂತ್ರಿಸುವ ಘಟಕ, ಸೆನ್ಸರ್‌ಗಳು, ಡ್ಯಾಶ್‌ಬೋರ್ಡ್ ಮತ್ತು ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯುವ ಪ್ರಿಟೆನ್ಷನರ್ ಸಹ ಬದಲಾಗಬೇಕಾಗುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಇಷ್ಟೇ ಸಾಕು ಲೆಕ್ಕ ತಲೆಕೆಳಗಾಗಲು. ಗಾಜಿನ ಮೇಲೆ ಕ್ಯಾಮರಾ, ಬಂಪರಿನೊಳಗೆ ರೇಡಾರ್ ಇರುವ ಹೊಸ ಗಾಡಿಗಳಲ್ಲಿ ಅವುಗಳನ್ನು ಮರುಹೊಂದಿಸುವ ವೆಚ್ಚವೂ ಪಟ್ಟಿಯಲ್ಲಿ ಇರಲೇಬೇಕು.

ಹಂತ 4: ನಿಮ್ಮ ಜೇಬಿನಿಂದ ಹೋಗುವುದೆಷ್ಟು?

ಚೌಕಟ್ಟು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಲೆಕ್ಕಕ್ಕೆ ಬನ್ನಿ. ಜೀರೋ ಡೆಪ್ರಿಸಿಯೇಷನ್ ಇಲ್ಲದ ಪಾಲಿಸಿಯಲ್ಲಿ ಬದಲಿಸಿದ ಪ್ರತಿ ಭಾಗದ ಮೇಲೂ ಸವಕಳಿ ಕಳೆಯುತ್ತಾರೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಬ್ಯಾಟರಿ ಮತ್ತು ಏರ್‌ಬ್ಯಾಗ್‌ಗಳಿಗೆ ಶೇ. 50, ಫೈಬರ್ ಭಾಗಗಳಿಗೆ ಶೇ. 30 ಹೋಗುತ್ತದೆ, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಲೆಕ್ಕ: ಮೊದಲ ಆರು ತಿಂಗಳು ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ ಶೇ. 10, ಮೂರರವರೆಗೆ ಶೇ. 15, ನಾಲ್ಕರವರೆಗೆ ಶೇ. 25, ಐದರವರೆಗೆ ಶೇ. 35, ಹತ್ತು ವರ್ಷದವರೆಗೆ ಶೇ. 40, ಅದರಾಚೆಗೆ ಶೇ. 50. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿಯ ಬೆಲೆಯೆಂದು ಹಿಡಿದು ಅದರ ಅರ್ಧವನ್ನು ಕಳೆಯುತ್ತಾರೆ. ಕೂಲಿಯ ಮೇಲೆ ಸವಕಳಿ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಪಟ್ಟಿ ಬೆಲೆ 8 ಲಕ್ಷ ಇರುವ, ನಾಲ್ಕೂವರೆ ವರ್ಷದ ಪೆಟ್ರೋಲ್ ಕಾರಿನ ಐಡಿವಿ 4 ಲಕ್ಷ ಎಂದಿಟ್ಟುಕೊಳ್ಳಿ. ಎಸ್ಟಿಮೇಟ್ 2,60,000 ರೂಪಾಯಿ. ಅದರಲ್ಲಿ ಪ್ಲಾಸ್ಟಿಕ್ ಭಾಗಗಳು 60,000, ಲೋಹದ ಭಾಗಗಳು 1,10,000, ಗಾಜು 15,000, ಪೇಂಟಿಂಗ್ 40,000, ಕೂಲಿ 35,000. ನಿಮ್ಮ ಪಾಲಿಗೆ ಬರುವುದು ಪ್ಲಾಸ್ಟಿಕ್ಕಿನಲ್ಲಿ 30,000, ಲೋಹದಲ್ಲಿ 38,500, ಪೇಂಟಿಂಗಿನಲ್ಲಿ 5,000, ಕಡ್ಡಾಯ ಕಡಿತ 1,000, ಒಟ್ಟು 74,500 ರೂಪಾಯಿ. ಕಂಪನಿ ಕೊಡುವುದು 1,85,500. ಜೀರೋ ಡೆಪ್ರಿಸಿಯೇಷನ್ ಇದ್ದರೆ ನಿಮ್ಮ ಪಾಲು 1,000 ರೂಪಾಯಿ ಮತ್ತು ಆಯಿಲ್, ಕೂಲೆಂಟ್, ಕ್ಲಿಪ್ಪುಗಳಂಥ ‘ಕನ್ಸ್ಯೂಮಬಲ್ಸ್’ ವೆಚ್ಚ ಮಾತ್ರ. ಬದಲಿಸಿದ ಹಳೆಯ ಲೋಹದ ಭಾಗಗಳ ಗುಜರಿ ಬೆಲೆಯನ್ನೂ ಕೆಲವೊಮ್ಮೆ ಕಳೆಯುತ್ತಾರೆ.

ಇದಕ್ಕೆ ಇನ್ನೊಂದು ವೆಚ್ಚ ಸೇರಿಸಬೇಕು. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಶೇ. 20ರಿಂದ ಆರಂಭವಾಗಿ 25, 35, 45, 50 ಎಂದು ಏರುತ್ತದೆ, ಮತ್ತು ಒಂದು ಕ್ಲೇಮಿನಿಂದ ಸೊನ್ನೆಗೆ ಇಳಿಯುತ್ತದೆ. ಈಗ ಶೇ. 45ರಲ್ಲಿರುವವರು ಮುಂದಿನ ಐದು ವರ್ಷ ಶೇ. 50 ಪಡೆಯಬೇಕಾದಲ್ಲಿ 0, 20, 25, 35, 45 ಪಡೆಯುತ್ತಾರೆ. ವ್ಯತ್ಯಾಸಗಳನ್ನು ಕೂಡಿಸಿದರೆ ಶೇ. 125. ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 8,000 ರೂಪಾಯಿ ಎಂದಾದರೆ ಐದು ವರ್ಷದಲ್ಲಿ 10,000 ರೂಪಾಯಿ ಹೋದಂತೆ. ಹತ್ತು ಹನ್ನೆರಡು ಸಾವಿರದ ಸಣ್ಣ ಪೆಟ್ಟಿಗೆ ಕ್ಲೇಮ್ ಹಾಕಬೇಡಿ ಎಂದು ತಿಳಿದವರು ಹೇಳುವುದು ಇದೇ ಕಾರಣಕ್ಕೆ. ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಇದ್ದರೆ ಈ ನಷ್ಟವಿಲ್ಲ.

ಈಗ ನಿಮ್ಮ ನಿಜವಾದ ವೆಚ್ಚ ಸುಮಾರು 85,000. ಇದಕ್ಕೆ ಎದುರಾಗಿ ಎರಡು ಬೆಲೆಗಳನ್ನು ವಿಚಾರಿಸಿಕೊಂಡು ಬನ್ನಿ: ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಕೊಟ್ಟರೆ ಎಷ್ಟು ಬರುತ್ತದೆ, ರಿಪೇರಿಯಾದ ಮೇಲೆ ಅದರ ಬೆಲೆ ಎಷ್ಟು. ಮೊದಲನೆಯದು 1,30,000, ಎರಡನೆಯದು 3,50,000 ಎಂದುಕೊಂಡರೆ, ರಿಪೇರಿ ಮಾಡಿಸುವುದೆಂದರೆ 2,15,000 ರೂಪಾಯಿಗೆ ಮೂರೂವರೆ ಲಕ್ಷದ ಗಾಡಿಯನ್ನು ಪಡೆದಂತೆ. ಚೌಕಟ್ಟು ಸರಿಯಿರುವವರೆಗೆ ಇಲ್ಲಿ ರಿಪೇರಿಯೇ ಸರಿ. ಎರಡನೆಯ ಬೆಲೆಯನ್ನು ಅಂದಾಜಿಸುವಾಗ ಮಾತ್ರ ಕಟ್ಟುನಿಟ್ಟಾಗಿರಿ. ‘ಆಕ್ಸಿಡೆಂಟ್ ಗಾಡಿ’ ಎಂಬ ಹೆಸರು ಬಂದ ಮೇಲೆ ಕೊಳ್ಳುವವರು ಚೌಕಾಸಿ ಮಾಡಿಯೇ ಮಾಡುತ್ತಾರೆ, ಮತ್ತು ಮಾರುವಾಗ ಅದನ್ನು ಮುಚ್ಚಿಡುವುದು ತಪ್ಪು.

ಹೊಸ ಕಾರಿನ ಬೆಲೆಯನ್ನು ಹೋಲಿಸುವವರು ಷೋರೂಮ್ ಬೆಲೆಗೆ ನಿಲ್ಲಬಾರದು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಅದರ ಮೇಲೆ ಸೆಸ್ ಬೇರೆ. ಹಳೆಯ ಗಾಡಿಗೆ ಈ ತೆರಿಗೆಯನ್ನು ನೀವು ಆಗಲೇ ಕಟ್ಟಿ ಮುಗಿಸಿದ್ದೀರಿ. ಇನ್ನೊಂದೆಡೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸ ಸಣ್ಣ ಕಾರು ಅಗ್ಗವಾದಂತೆ ಹಳೆಯದರ ಮಾರುಕಟ್ಟೆ ಬೆಲೆಯೂ ತಗ್ಗುತ್ತದೆ. ಆದ್ದರಿಂದ ಅದಕ್ಕೂ ಮೊದಲಿನ ಬೆಲೆಗಳನ್ನು ನೆನಪಿನಲ್ಲಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಹಂತ 5: ಸರ್ವೇಯರ್ ಮತ್ತು ಶೇ. 75ರ ಗೆರೆ

ಹಾನಿಯನ್ನು ಅಳೆದು ವರದಿ ಕೊಡುವ ಪರವಾನಗಿ ಪಡೆದ ಪರಿಣತರೇ ಸರ್ವೇಯರ್. ಗಾಡಿಯನ್ನು ಸ್ಥಳದಿಂದ ತಂದು ಸರಿಪಡಿಸುವ ಒಟ್ಟು ವೆಚ್ಚ, ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಐಡಿವಿಯ ಶೇ. 75ನ್ನು ಮೀರಿದರೆ ಅದನ್ನು ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’ ಎಂದು, ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲದ ನಷ್ಟವೆಂದು, ಪರಿಗಣಿಸುತ್ತಾರೆ. ಮೇಲಿನ ಕಾರಿನಲ್ಲಿ ಈ ಗೆರೆ 3 ಲಕ್ಷ. “ಷರತ್ತುಗಳಿಗೆ ಒಳಪಟ್ಟು” ಎಂಬ ಮಾತಿನಿಂದಾಗಿ ಎಸ್ಟಿಮೇಟಿನ ಪೂರ್ತಿ ಮೊತ್ತ ಗೆರೆ ದಾಟಿದರೂ, ಸವಕಳಿ ಕಳೆದ ಮೊತ್ತ ದಾಟದೆ ಇರಬಹುದು. ಎಸ್ಟಿಮೇಟ್ 3,20,000 ಬಂತು, ಇನ್ನು ಟೋಟಲ್ ಲಾಸ್ ಖಚಿತ ಎಂದು ನಂಬಿ ಹೊಸ ಕಾರಿಗೆ ಮುಂಗಡ ಕೊಟ್ಟುಬಿಡಬೇಡಿ.

ಕ್ಲೇಮ್ ನಾಲ್ಕು ರೀತಿಯಲ್ಲಿ ಇತ್ಯರ್ಥವಾಗಬಹುದು. ರಿಪೇರಿ ಮಾಡಿಸಿ ಬಿಲ್ಲಿನ ಮೇಲೆ ಹಣ ಪಡೆಯುವುದು ಸಾಮಾನ್ಯ ಕ್ರಮ. ಟೋಟಲ್ ಲಾಸ್ ಆದರೆ ಐಡಿವಿಯಲ್ಲಿ ಕಡಿತವನ್ನು ಕಳೆದು ಕೊಡುತ್ತಾರೆ, ಬಿಡಿಭಾಗಗಳ ಸವಕಳಿ ಇಲ್ಲಿ ಇಲ್ಲ. ಜಜ್ಜಿದ ಗಾಡಿ ನಿಮ್ಮಲ್ಲೇ ಉಳಿದರೆ ಅದರ ಬೆಲೆಯನ್ನು, ಅಂದರೆ ಸಾಲ್ವೇಜನ್ನು, ಕಳೆದು ಉಳಿದದ್ದನ್ನು ಕೊಡುವುದು ಮೂರನೆಯ ರೀತಿ. ಒಂದು ಮೊತ್ತಕ್ಕೆ ಒಪ್ಪಿ ಕ್ಲೇಮ್ ಮುಗಿಸುವ ‘ಕ್ಯಾಶ್ ಲಾಸ್’ ನಾಲ್ಕನೆಯದು. ಮೂರನೆಯ ರೀತಿಯಲ್ಲಿ ಸಾಲ್ವೇಜ್ ಬೆಲೆಯನ್ನು ಕಂಪನಿ ಹೇಳಿದಷ್ಟಕ್ಕೆ ಒಪ್ಪಿಬಿಡಬೇಡಿ, ಆ ಬೆಲೆಗೆ ನಿಜವಾಗಿ ಕೊಳ್ಳುವವರ ಲಿಖಿತ ಕೊಡುಗೆಯನ್ನು ತೋರಿಸಲು ಕೇಳಿ. ಕೊಳ್ಳುವವರೇ ಇಲ್ಲದ ಹೆಚ್ಚಿನ ಬೆಲೆಯನ್ನು ಕಳೆದರೆ ನಷ್ಟ ನಿಮಗೆ.

ಗಾಡಿಗೆ ಸಾಲವಿದ್ದರೆ ಟೋಟಲ್ ಲಾಸ್ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಬಾಕಿ 4,60,000 ಇದ್ದು ಬಂದದ್ದು 3,99,000 ಆದರೆ ಗಾಡಿ ಇಲ್ಲದೆಯೂ ನೀವು 61,000 ಕಟ್ಟಬೇಕು. ದೀರ್ಘಾವಧಿ ಸಾಲದಲ್ಲಿ ಕೊಂಡವರು ಈ ಅಂತರವನ್ನು ಮೊದಲೇ ನೋಡಿಕೊಳ್ಳಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಸರ್ವೇಯರ್ ಹದಿನೈದು ದಿನಗಳಲ್ಲಿ ವರದಿ ಕೊಡಬೇಕು, ವರದಿ ಬಂದ ಏಳು ದಿನಗಳಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ವರದಿಯ ಪ್ರತಿಯನ್ನು ಇಮೇಲ್ ಮೂಲಕ ಕೇಳಿ ಪಡೆಯಿರಿ. ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಲೋಕಪಾಲರಿಗೆ, ಅಂದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ, ದೂರು ಕೊಡಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು, ಮತ್ತು ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ನಡೆಯುತ್ತಿರಬಾರದು.

ಹಂತ 6: ವಿಮೆ ಇಲ್ಲದಿದ್ದರೆ, ಗಾಡಿ ಹಳೆಯದಾಗಿದ್ದರೆ

ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವವರಿಗೆ ಲೆಕ್ಕ ಇನ್ನೂ ಸರಳ. ರಿಪೇರಿಯಾದ ಮೇಲಿನ ಬೆಲೆಯಲ್ಲಿ ಇದ್ದ ಸ್ಥಿತಿಯ ಬೆಲೆಯನ್ನು ಕಳೆಯಿರಿ. ರಿಪೇರಿ ವೆಚ್ಚ ಆ ಅಂತರಕ್ಕಿಂತ ಕಡಿಮೆಯಿದ್ದರೆ ಮಾಡಿಸಿ, ಹೆಚ್ಚಿದ್ದರೆ ಬಿಡಿ. ಅಂಗೀಕೃತ ಸರ್ವಿಸ್ ಕೇಂದ್ರದ ಎಸ್ಟಿಮೇಟ್ ಜೊತೆಗೆ ನಂಬಿಕೆಯ ಹೊರಗಿನ ಗ್ಯಾರೇಜೊಂದರ ಎಸ್ಟಿಮೇಟನ್ನೂ ಪಡೆಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬಂಪರ್, ದೀಪ, ಕನ್ನಡಿಗಳನ್ನು ವಿಚಾರಿಸಬಹುದು, ಶಿವಾಜಿನಗರದ ಗುಜರಿಯಲ್ಲಿ ಬಳಸಿದ ಬಾಗಿಲು, ಬಾನೆಟ್ ಸಿಗುತ್ತವೆ. ಆದರೆ ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳನ್ನು ಹಳೆಯದು ತಂದು ಹಾಕಿಸಬಾರದು.

ತಪ್ಪು ಎದುರಿನ ವಾಹನದ್ದಾಗಿದ್ದರೆ ಅದರ ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಗಾಡಿಯ ಹಾನಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ ಕೇಳಬಹುದು. ಸಮಯ ಹಿಡಿಯುವ ದಾರಿ ಇದು. ಇದನ್ನು ನಂಬಿ ಗಾಡಿಯನ್ನು ಹಾಗೆಯೇ ನಿಲ್ಲಿಸಿಕೊಂಡು ಕೂರಬೇಡಿ.

ಹಳೆಯ ಗಾಡಿಯ ವಿಷಯದಲ್ಲಿ ಹಣದಾಚೆಗಿನ ಒಂದು ಮಾತಿದೆ. ಎಬಿಎಸ್ ಬ್ರೇಕ್ ಮತ್ತು ಚಾಲಕರ ಏರ್‌ಬ್ಯಾಗ್ ನಮ್ಮಲ್ಲಿ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಅನೇಕ ಮೂಲ ಮಾದರಿಗಳಲ್ಲಿ ಇವೆರಡೂ ಇರಲಿಲ್ಲ. ಅಂಥ ಗಾಡಿಗೆ ಒಂದು ಲಕ್ಷ ಸುರಿಯುವ ಮೊದಲು, ಅದೇ ಹಣವನ್ನು ಸೇರಿಸಿ ಈ ಸುರಕ್ಷತೆಗಳಿರುವ ಬಳಸಿದ ಕಾರನ್ನು ಕೊಳ್ಳಬಹುದೇ ಎಂದು ಯೋಚಿಸಿ. ಮನೆಯ ಮಕ್ಕಳೂ ಹಿರಿಯರೂ ಕುಳಿತು ಹೋಗುವ ಗಾಡಿಯಾದರೆ ನಾನು ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ.

ಹಂತ 7: ರಿಪೇರಿಯಾದ ಗಾಡಿಯನ್ನು ಪಡೆಯುವಾಗ

ಕೆಲಸದಿಂದ ತೃಪ್ತಿಯಾಗಿದೆ ಎಂಬ ‘ಸ್ಯಾಟಿಸ್‌ಫ್ಯಾಕ್ಷನ್ ವೋಚರ್’ಗೆ ಗಾಡಿಯನ್ನು ನೋಡುವ ಮೊದಲೇ ಸಹಿ ಹಾಕಿಸಿಕೊಳ್ಳುವ ರೂಢಿ ಕೆಲವೆಡೆ ಇದೆ, ಒಪ್ಪಬೇಡಿ. ಹಗಲು ಬೆಳಕಿನಲ್ಲಿ ಬಣ್ಣವನ್ನು ಹೋಲಿಸಿ ನೋಡಿ. ನೇರವಾದ ಖಾಲಿ ರಸ್ತೆಯಲ್ಲಿ ಓಡಿಸಿ ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ಗಮನಿಸಿ. ವೀಲ್ ಅಲೈನ್‌ಮೆಂಟ್ ವರದಿಯನ್ನೂ, ಬದಲಿಸಿದ ಹಳೆಯ ಭಾಗಗಳನ್ನೂ ತೋರಿಸಲು ಕೇಳಿ.

ಏರ್‌ಬ್ಯಾಗ್ ದೀಪವನ್ನು ಮಾತ್ರ ಎರಡು ಬಾರಿ ನೋಡಬೇಕು. ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಈ ದೀಪ ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ವ್ಯವಸ್ಥೆಯಲ್ಲಿ ದೋಷವಿದೆ. ಹೊತ್ತಲೇ ಇಲ್ಲದಿದ್ದರೆ ಅದು ಇನ್ನೂ ಅಪಾಯಕರ: ಏರ್‌ಬ್ಯಾಗ್ ಹಾಕದೆ ದೀಪದ ಸಂಪರ್ಕವನ್ನೇ ತಪ್ಪಿಸಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬಿಡಿ, ತಡವರಿಸದೆ ಒಳಗೆ ಸುತ್ತಿಕೊಳ್ಳಬೇಕು. ಗೂಡನ್ನೇ, ಅಂದರೆ ಬಾಡಿ ಶೆಲ್ಲನ್ನೇ, ಬದಲಿಸಿದ್ದರೆ ಆರ್‌ಟಿಒ ಅನುಮತಿ ಮತ್ತು ಆರ್‌ಸಿಯಲ್ಲಿ ನಮೂದು ಆಗಿದೆಯೇ ನೋಡಿ.

ಹಂತ 8: ಬಿಟ್ಟುಕೊಡುವುದಾದರೆ

ಟೋಟಲ್ ಲಾಸ್ ಎಂದು ತೀರ್ಮಾನವಾದ ಮೇಲೂ ಗಾಡಿ ವರ್ಕ್‌ಶಾಪಿನಲ್ಲೇ ನಿಂತರೆ ನಿಲುಗಡೆ ಶುಲ್ಕ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ. ಯಾವ ದಿನದಿಂದ ಅದು ಯಾರ ಹೊಣೆ ಎಂಬುದನ್ನು ಕಂಪನಿಯಿಂದ ಬರೆಸಿಕೊಳ್ಳಿ. ಫಾಸ್ಟ್ಯಾಗನ್ನು ತೆಗೆದು ನಿಷ್ಕ್ರಿಯಗೊಳಿಸಿ. ಸಾಲ ತೀರಿದ್ದರೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ಆರ್‌ಸಿಯಲ್ಲಿನ ಅಡಮಾನವನ್ನು ತೆಗೆಸಿ.

ಇದಾದ ಮೇಲೆ ಉಳಿಯುವುದು ಆರ್‌ಸಿ. ಪೂರ್ತಿ ಹಾಳಾದ ಗಾಡಿಗಳನ್ನು ಲೋಹಕ್ಕಾಗಿ ಅಲ್ಲದೆ ಕಾಗದಕ್ಕಾಗಿ ಕೊಳ್ಳುವವರೂ ಇದ್ದಾರೆ: ಅದೇ ಮಾದರಿಯ ಕದ್ದ ಕಾರಿಗೆ ಈ ಗಾಡಿಯ ಚಾಸಿ ನಂಬರನ್ನು ಕೊರೆದು, ಈ ಆರ್‌ಸಿಯಲ್ಲೇ ಓಡಿಸುತ್ತಾರೆ. ಆಗ ಅಪಘಾತವೋ ಅಪರಾಧವೋ ನಡೆದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಗಾಡಿಯನ್ನು ಮಾರಿ ಕೊಟ್ಟಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರೆಂದು ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಮಾಲೀಕತ್ವ ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡಬೇಡಿ.

ಗಾಡಿ ಮತ್ತೆ ರಸ್ತೆಗೆ ಇಳಿಯಲಾರದಷ್ಟು ಹಾಳಾಗಿದ್ದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕೆಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ಗುಜರಿಗೆ ಹಾಕುವುದಾದರೆ 2021ರ ನಿಯಮಗಳಡಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೇ ಕೊಟ್ಟು ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಪಡೆಯಿರಿ. ಕೊಳ್ಳುವವರು ರಿಪೇರಿ ಮಾಡಿಸಿ ಓಡಿಸುವುದಾದರೆ ಅವರ ಗುರುತಿನ ಪತ್ರದ ಪ್ರತಿ, ದಿನಾಂಕ ಮತ್ತು ಗಂಟೆ ನಮೂದಿಸಿದ ಹಸ್ತಾಂತರ ಪತ್ರ ಪಡೆದು, ವರ್ಗಾವಣೆಯ ಅರ್ಜಿಯನ್ನು ನೀವೇ ಮುಂದೆ ನಿಂತು ಹಾಕಿಸಿ. ತಿಂಗಳೊಂದು ಕಳೆದ ಮೇಲೆ ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿ ಹೆಸರು ಬದಲಾಗಿದೆಯೇ ಅಥವಾ ನೋಂದಣಿ ರದ್ದಾಗಿದೆಯೇ ನೋಡಿ. ಆಗಿಲ್ಲವಾದರೆ ಹಸ್ತಾಂತರ ಪತ್ರದ ಪ್ರತಿಯೊಂದಿಗೆ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದದ್ದೇ ಆದರೆ ಆ ಪುಟವನ್ನು ಮುದ್ರಿಸಿ ಹಳೆಯ ಪಾಲಿಸಿಯೊಂದಿಗೆ ತೆಗೆದಿಡಿ.